ಡೊಂಬಿವಲಿಯಲ್ಲಿ ಹೊಗೆಯ ಲೆಕ್ಕ ಇಟ್ಟದ್ದು

ಮುಂಬೈ ಹತ್ತಿರದ ಡೊಂಬಿವಲಿಯ ಪೂರ್ವದಲ್ಲಿ, ಎಂಐಡಿಸಿಗೆ (ಮಹಾರಾಷ್ಟ್ರ ಸರ್ಕಾರದ ನಿಗಮ ಮಾಡಿದ ಕೈಗಾರಿಕಾ ಪ್ರದೇಶಕ್ಕೆ) ತಾಗಿಕೊಂಡೇ ನಮ್ಮ ಮನೆ. ಊರು ಉಡುಪಿ ಕಡೆ. ಇಲ್ಲಿಗೆ ಬಂದು, ಮಕ್ಕಳು ಬೆಳೆದು, ನಾನು ಸೊಸಾಯಿಟಿಯ ಕಮಿಟಿಯಲ್ಲಿ ಕೂರುವಷ್ಟು ಹಳಬಳಾಗಿದ್ದೇನೆ. 1960ರ ದಶಕದಲ್ಲಿ ಕಂಪನಿಗಳಿಗೆ ಇಲ್ಲಿ ಜಾಗ ಹಂಚಿದಾಗ ಸುತ್ತಲೂ ಗದ್ದೆಗಳಿದ್ದವಂತೆ. ಈಗ ಬಣ್ಣ, ಔಷಧಿಯ ಕಚ್ಚಾಮಾಲು, ಸಾಲ್ವೆಂಟ್ ತಯಾರಿಸುವ ಷೆಡ್ಡುಗಳಿಗೂ ನಾವು ಬಟ್ಟೆ ಒಣಗಿಸುವ ಹಗ್ಗಕ್ಕೂ ನಡುವೆ ಇರುವುದು ಒಂದು ರಸ್ತೆ.

ಇಲ್ಲಿಯ ಗಾಳಿಯ ಕತೆ ಹೊರಗಿನವರಿಗೂ ಗೊತ್ತು. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕೈಗಾರಿಕಾ ಪ್ರದೇಶಗಳಿಗೆ ಅಂಕ ಕೊಟ್ಟಾಗ 70 ದಾಟಿದ 43 ಜಾಗಗಳನ್ನು ತೀವ್ರ ಮಲಿನ ಎಂದು ಗುರುತಿಸಿತ್ತು. ಡೊಂಬಿವಲಿಗೆ ಬಂದದ್ದು 78.41. 2014ರ ಜನವರಿಯಲ್ಲಿ ಹಸಿರು ಬಣ್ಣದ ಮಳೆ ಬಿತ್ತು. 2020ರ ಫೆಬ್ರುವರಿಯಲ್ಲಿ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿ, ಮುಖ್ಯಮಂತ್ರಿಗಳು ಬಂದು ನೋಡಿ ಹೋದರು. 2016ರ ಮೇ 26ರಂದು ಒಂದು ಸ್ಫೋಟ, 2024ರ ಮೇ 23ರಂದು ಇನ್ನೊಂದು. ಎರಡರಲ್ಲೂ ಸತ್ತವರ ಸಂಖ್ಯೆ ಎರಡಂಕಿ. ದೂರದೂರದ ಕಟ್ಟಡಗಳ ಕಿಟಕಿ ಗಾಜುಗಳು ಪುಡಿಯಾದವು.

ನಾನು ಬರೆಯುತ್ತಿರುವುದು ಆ ದೊಡ್ಡ ದುರಂತಗಳ ಬಗ್ಗೆ ಅಲ್ಲ. ಒಂದು ಚಳಿಗಾಲದಲ್ಲಿ ನಮ್ಮ ಹತ್ತಿರದ ಗೋದಾಮೊಂದಕ್ಕೆ ಬೆಂಕಿ ಬಿತ್ತು. ಯಾರೂ ಸಾಯಲಿಲ್ಲ, ಪೇಪರಿನಲ್ಲಿ ಸಣ್ಣ ಸುದ್ದಿಯಾಗಿ ಮುಗಿಯಿತು. ಇಂಥ ಬೆಂಕಿಗಳು ನಮ್ಮ ಕಡೆ ಆಗಾಗ ಬೀಳುತ್ತವೆ. ಸಾವಿಲ್ಲದ ಕಾರಣ ಅವುಗಳ ಹೊಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಸಲ ನಾವು ಹಿಡಿದೆವು. ಅದು ಹೇಗೆ ಎಂದು ಬರೆದಿಟ್ಟರೆ ಪೀಣ್ಯದವರಿಗೋ ಬೈಕಂಪಾಡಿಯವರಿಗೋ ತಾರಾಪುರದವರಿಗೋ ಉಪಯೋಗವಾದೀತು.

ಬೆಳಕು ಹರಿಯುವ ಮೊದಲೇ ವಾಸನೆ ಬಂತು. ಮೊದಲು ಪೇಂಟಿನ ಥಿನ್ನರ್‌ನ ಸಿಹಿ ವಾಸನೆ, ಆಮೇಲೆ ಗಂಟಲು ಕೆರೆಯುವ ಖಾರ. ಗ್ಯಾಲರಿಗೆ ಬಂದು ನೋಡಿದರೆ ಹೊಗೆ ಮೇಲೆ ಏರದೆ ಮೂರನೇ ಮಾಳಿಗೆಯ ಮಟ್ಟದಲ್ಲಿ ಚಪ್ಪಟೆಯಾಗಿ ಹಾಸಿಕೊಂಡಿತ್ತು. ಚಳಿಗಾಲದ ಬೆಳಗ್ಗೆ ಹಾಗೆಯೇ. ನೆಲದ ಹತ್ತಿರದ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ ಇದ್ದಾಗ ಹೊಗೆಗೆ ಮೇಲೆ ದಾರಿ ಸಿಗುವುದಿಲ್ಲ. ಜೊತೆಗೆ ಆ ಹೊತ್ತಿನಲ್ಲಿ ನೆಲದ ಕಡೆಯಿಂದ ಸಮುದ್ರದ ಕಡೆಗೆ, ಅಂದರೆ ಎಂಐಡಿಸಿ ಕಡೆಯಿಂದ ನಮ್ಮ ಮನೆಗಳತ್ತ, ಮೆಲ್ಲಗೆ ಗಾಳಿ ಹರಿಯುತ್ತಿರುತ್ತದೆ.

ನಾಲ್ಕನೇ ಮಾಳಿಗೆಯ ಮಾಮ ಮೂಗಿಗೆ ಪಂಚೆ ಕಟ್ಟಿಕೊಂಡು ಇಳಿದು ಬಂದರು. ಕುಂದಾಪುರದವರು, ಬಣ್ಣದ ಕಂಪನಿಯಲ್ಲಿ ಜೀವಮಾನ ಕಳೆದು ರಿಟೈರಾದವರು. ನನ್ನನ್ನು ನೋಡಿ, "ಎಂತ ನಿಂತು ನೋಡ್ತಾ ಇದ್ದಿ ಮಾರಾಯ್ತಿ? ಕಿಟಕಿ ಹಾಕು, ಎಕ್ಸಾಸ್ಟ್ ಫ್ಯಾನ್ ಬಂದ್ ಮಾಡು, ಟೆರೇಸಿನ ಟ್ಯಾಂಕಿನ ಮುಚ್ಚಳ ನೋಡ್ಲಿಕ್ಕೆ ವಾಚ್‌ಮನ್‌ಗೆ ಹೇಳು" ಎಂದರು. ಆಮೇಲೆ ನಮ್ಮ ಬಾಗಿಲಲ್ಲೇ ನಿಂತು ಹೊಗೆಯನ್ನು ಓದುವುದು ಹೇಗೆಂದು ಹೇಳಿದರು. ಕಪ್ಪಗಿದ್ದರೆ ಅದರಲ್ಲಿ ಮಸಿ ಹೆಚ್ಚು, ಅಂದರೆ ಸಾಲ್ವೆಂಟ್, ರಬ್ಬರ್, ಪ್ಲಾಸ್ಟಿಕ್ ಅರೆಬರೆ ಉರಿಯುತ್ತಿದೆ. ಕಣ್ಣು ಉರಿದು ಗಂಟಲು ಕೆರೆದರೆ ಆಮ್ಲದ ಅನಿಲ ಇದೆ. ಪಿವಿಸಿ ಉರಿದರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಅದು ಮೂಗಿನ ತೇವಕ್ಕೆ ತಾಗಿದ ಕೂಡಲೇ ಹೈಡ್ರೋಕ್ಲೋರಿಕ್ ಆಮ್ಲ. ಸೋಫಾದ ಫೋಮ್ ಉರಿದರೆ ಹೈಡ್ರೋಜನ್ ಸಯನೈಡ್ ಕೂಡ. "ಕಣ್ಣಿಗೆ ಉರಿ ಇಲ್ಲ, ಆದ್ರೂ ತಲೆ ಭಾರ, ಮಂಪರು ಅಂತ ಆದ್ರೆ ಅದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆ ಇಲ್ಲ. ಹಾಗಾದವರನ್ನು ಮೊದ್ಲು ಆ ಜಾಗದಿಂದ ದೂರ ಕರ್ಕೊಂಡು ಹೋಗ್ಬೇಕು."

ಕೊರೊನಾ ಕಾಲದಲ್ಲಿ ತಂದಿಟ್ಟ ಎನ್95 ಮಾಸ್ಕುಗಳನ್ನು ಎಲ್ಲರೂ ಹುಡುಕಿ ಹಾಕಿಕೊಂಡರು. ಅದು ಮಸಿಯ ಕಣಗಳನ್ನು ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ. ಮಾಸ್ಕ್ ಇದೆ ಎಂದು ಬೆಂಕಿ ನೋಡಲು ಹೊರಟ ಹುಡುಗರನ್ನು ಮಾಮ ಗೇಟಿನಲ್ಲೇ ಬೈದು ವಾಪಸ್ ಕಳಿಸಿದರು.

ಇಷ್ಟಾಗುವ ಹೊತ್ತಿಗೆ ಸೊಸಾಯಿಟಿಯ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಫೋನಿನ ಪರದೆಯ ಚಿತ್ರ ಹಾಕಿದರು. ಗಾಳಿಯ ಗುಣಮಟ್ಟದ ಸೂಚ್ಯಂಕ 'ಮಧ್ಯಮ' ಎಂದು ತೋರಿಸುತ್ತಿತ್ತು. "ಹೆದರುವಂಥದ್ದು ಏನಿಲ್ಲ" ಎಂದು ಕೆಳಗೆ ಬರೆದಿದ್ದರು. ನನಗೆ ಸಿಟ್ಟು ಬಂದದ್ದು ಅಲ್ಲೇ. ನಮ್ಮ ಗ್ಯಾಲರಿಯಿಂದ ಎದುರಿನ ಕಟ್ಟಡ ಕಾಣುತ್ತಿರಲಿಲ್ಲ.

ಆ ಅಂಕಿ ಹೇಗೆ ಹುಟ್ಟುತ್ತದೆ ಎಂಬುದನ್ನು ಕಂಪನಿಗಳ ಪಕ್ಕ ಬದುಕುವ ಪ್ರತಿಯೊಬ್ಬರೂ ಒಮ್ಮೆ ಅರ್ಥ ಮಾಡಿಕೊಳ್ಳಬೇಕು. ಆ ಸೂಚ್ಯಂಕಕ್ಕೆ ಹಿಡಿಯುವುದು 8 ಮಾಲಿನ್ಯಕಾರಕಗಳನ್ನು: ಎರಡು ಗಾತ್ರದ ದೂಳಿನ ಕಣ, ಸಾರಜನಕದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಜೋನ್, ಅಮೋನಿಯಾ, ಸೀಸ. ಹೈಡ್ರೋಜನ್ ಕ್ಲೋರೈಡ್ ಅದರಲ್ಲಿ ಇಲ್ಲ. ಸಯನೈಡ್ ಇಲ್ಲ. ಟಾಲುಯೀನ್, ಕ್ಸೈಲೀನ್‌ನಂಥ ಸಾಲ್ವೆಂಟ್‌ಗಳ ಆವಿ ಇಲ್ಲ. ವಾಹನ, ರಸ್ತೆಯ ದೂಳು, ಒಲೆಯ ಹೊಗೆಯಂಥ ದಿನನಿತ್ಯದ ಮಾಲಿನ್ಯಕ್ಕೆ ಹೊಂದಿಸಿ ಮಾಡಿದ ಪಟ್ಟಿ ಅದು. ಕಾರ್ಬನ್ ಮೊನಾಕ್ಸೈಡ್ ಮತ್ತು ಓಜೋನಿಗೆ 8 ಗಂಟೆಯ ಸರಾಸರಿ ಹಿಡಿದರೆ, ಉಳಿದವಕ್ಕೆ 24 ಗಂಟೆಯ ಸರಾಸರಿ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. 21 ಗಂಟೆ ಸಣ್ಣ ಕಣಗಳು ಘನಮೀಟರಿಗೆ 45 ಮೈಕ್ರೊಗ್ರಾಂ, 3 ಗಂಟೆ ಮಾತ್ರ 500 ಎಂದಿಟ್ಟುಕೊಳ್ಳಿ. ದಿನದ ಸರಾಸರಿ ಸುಮಾರು 102 ಆಗುತ್ತದೆ. ಭಾರತದ ಮಿತಿ 60 ಆದ್ದರಿಂದ ಅದು 'ಕಳಪೆ' ದಿನ, ದೀಪಾವಳಿಯ ಆಸುಪಾಸಿನ ಯಾವುದೇ ದಿನದಂತೆ. ಆ 3 ಗಂಟೆಯಲ್ಲಿ ದಮ್ಮಿನ ಮಗುವಿನ ಎದೆಗೆ ಏನಾಯಿತು ಎಂಬುದು ಆ ಸರಾಸರಿಯೊಳಗೆ ಕರಗಿಹೋಗುತ್ತದೆ.

ಅದರ ಮೇಲೆ ಗಾಳಿ ಅಳೆಯುವ ಕೇಂದ್ರ ಎಲ್ಲಿದೆ ಎಂಬ ಪ್ರಶ್ನೆ. ನಮ್ಮ ಫೋನು ತೋರಿಸುತ್ತಿದ್ದದ್ದು ಕೆಲವು ಕಿಲೋಮೀಟರ್ ಆಚೆಯ ಯಂತ್ರದ ಲೆಕ್ಕ. ಹೊಗೆ ಹೋಗುತ್ತಿದ್ದ ದಿಕ್ಕಿನಲ್ಲಿ ಅದು ಇರಲೂ ಇಲ್ಲ.

ಹಾಗಾದರೆ ನಮ್ಮ ಗಾಳಿಗೆ ಸಾಕ್ಷಿ ಯಾರು? ಮಾಮನ ಉತ್ತರ ಸರಳವಾಗಿತ್ತು. ಯಂತ್ರ ಇಲ್ಲದಿದ್ದರೆ ಕ್ಯಾಮೆರಾ, ಗಡಿಯಾರ, ವಹಿ. ಟೆರೇಸಿನ ಒಂದೇ ಮೂಲೆಯಲ್ಲಿ ನಿಂತು, ಮೊಬೈಲ್ ಟವರ್ ಮತ್ತು ಪಕ್ಕದ ಕಟ್ಟಡದ ನೀರಿನ ಟ್ಯಾಂಕ್ ಎರಡೂ ಚಿತ್ರದಲ್ಲಿ ಬರುವಂತೆ ಗಂಟೆಗೊಮ್ಮೆ ಫೋಟೋ ತೆಗೆಯುವ ಕೆಲಸವನ್ನು ನನ್ನ ಮಗನಿಗೆ ಒಪ್ಪಿಸಿದೆವು. ಬಾಗಿಲಾಚೆ ಬಂದು ಕ್ಲಿಕ್ಕಿಸಿ ಕೂಡಲೇ ಒಳಗೆ. ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಹೊಗೆಯ ದಿಕ್ಕು, ದಟ್ಟಣೆ, ಎತ್ತರ ಮೂರೂ ಗೊತ್ತಾಗುತ್ತವೆ. ಮಧ್ಯಾಹ್ನಕ್ಕೆ ಸಮುದ್ರದ ಗಾಳಿ ಎದ್ದು ಹೊಗೆ ಪೂರ್ವಕ್ಕೆ, ಸೋನಾರ್‌ಪಾಡಾ ಮತ್ತು ಶಿಳ್‌ಫಾಟಾ ರಸ್ತೆಯ ಕಡೆಗೆ ಹೊರಳಿದ್ದು ಆ ಚಿತ್ರಗಳಲ್ಲಿ ಸ್ಪಷ್ಟವಾಗಿತ್ತು. ನಮ್ಮವರು ಕಿಟಕಿ ತೆರೆದು ಉಸಿರು ಬಿಡುವ ಹೊತ್ತಿಗೆ ಆ ಕಡೆಯವರ ಸರದಿ ಶುರುವಾಗಿತ್ತು. ಮುಂದೆ ಕಚೇರಿಗಳಲ್ಲಿ "ಹೊಗೆ ನಿಮ್ಮ ಕಡೆ ಬಂದಿತ್ತು ಎನ್ನುವುದಕ್ಕೆ ಏನು ಆಧಾರ?" ಎಂದು ಕೇಳಿದಾಗಲೆಲ್ಲ ಮೇಜಿನ ಮೇಲೆ ಇಟ್ಟದ್ದು ಆ ಫೋಟೋಗಳನ್ನೇ.

ಎರಡನೆಯದು ಮಸಿ. ಬೆಂಕಿ ಹತೋಟಿಗೆ ಬಂದ ಕೂಡಲೇ ಎಲ್ಲರೂ ಪೊರಕೆ ಹಿಡಿದು ಗ್ಯಾಲರಿಗೆ ಇಳಿಯುತ್ತಾರೆ. ಒಣ ಪೊರಕೆ ಬೇಡವೇ ಬೇಡ. ಕೂತಿದ್ದ ಮಸಿ ಮತ್ತೆ ಎದ್ದು ಮೂಗಿಗೆ ಬರುತ್ತದೆ. ಸೋಪಿನ ನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಕೈಗೆ ಗ್ಲೌಸ್ ಇರಬೇಕು. ಆದರೆ ಒರೆಸುವ ಮೊದಲು ಸ್ವಲ್ಪ ಎತ್ತಿಟ್ಟುಕೊಳ್ಳಬೇಕು. ಮಾಮ ಮಾಡಿಸಿದ್ದು ಹೀಗೆ. ಕಿಟಕಿಯ ಹೊರಗಿನ ಗ್ರಾನೈಟ್ ಪಟ್ಟಿಯ ಮೇಲೆ ಒಂದು ಅಡಿ ಉದ್ದಕ್ಕೆ ಪೆನ್ಸಿಲ್ ಗುರುತು ಹಾಕಿದೆವು. ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ ಹಿಂಡಿದ ಹತ್ತಿಬಟ್ಟೆಯ ತುಂಡಿನಿಂದ ಅಷ್ಟೇ ಜಾಗವನ್ನು ಎಡದಿಂದ ಬಲಕ್ಕೆ ಒಮ್ಮೆ, ಮಡಚಿ ಮೇಲಿಂದ ಕೆಳಕ್ಕೆ ಒಮ್ಮೆ ಒರೆಸಿದೆವು. ಬಟ್ಟೆಯನ್ನು ತೊಳೆದು ಒಣಗಿಸಿದ ಗಾಜಿನ ಜಾಮ್ ಬಾಟಲಿಗೆ ಹಾಕಿ, ಮುಚ್ಚಳದೊಳಗೆ ಅಲ್ಯುಮಿನಿಯಂ ಫಾಯಿಲ್ ಕೊಟ್ಟು ಬಿಗಿ ಮಾಡಿದೆವು. ಪ್ಲಾಸ್ಟಿಕ್ ಡಬ್ಬಿ ಆಗದು, ಅದರದ್ದೇ ಅಂಶ ಬಟ್ಟೆಗೆ ಸೇರುತ್ತದೆ. ಮೇಲೆ ತಾರೀಖು, ಹೊತ್ತು, ಮನೆ, ದಿಕ್ಕು, ಒರೆಸಿದವರ ಸಹಿ. ಅದೇ ನೀರಿನಲ್ಲಿ ನೆನೆಸಿ, ಏನನ್ನೂ ಒರೆಸದ ಇನ್ನೊಂದು ತುಂಡು ಬೇರೆ ಬಾಟಲಿಯಲ್ಲಿ. ಬಟ್ಟೆಯಲ್ಲೇ ಏನಾದರೂ ಇತ್ತೇ ಎಂದು ಲ್ಯಾಬಿನವರಿಗೆ ಗೊತ್ತಾಗಬೇಕಲ್ಲ, ಅದಕ್ಕೆ. ಬಾಟಲಿಗಳು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಹಾಲಿನ ಪಕ್ಕ ಕೂತವು. ಅತ್ತೆ ಹಾಲನ್ನು ಬೇರೆ ಮನೆಗೆ ಸಾಗಿಸಿದರು.

ಗ್ಯಾಲರಿಯ ಕುಂಡದಲ್ಲಿ ಹಬ್ಬಿಸಿದ್ದ ಬಸಳೆಯೂ ಒಂದು ಸಾಕ್ಷಿಯಾಯಿತು. ಮಾರನೇ ದಿನದೊಳಗೆ ಎಲೆಗಳ ಅಂಚು ಕಂದು ತಿರುಗಿ ಮುದುಡಿತ್ತು, ನರಗಳ ನಡುವೆ ಬಿಳಿಚಿದ ಮಚ್ಚೆ. ನೀರಿಲ್ಲದೆ ಬಾಡಿದ ಎಲೆ ಹೀಗಿರುವುದಿಲ್ಲ. ಆಮ್ಲದ ಅನಿಲ ತಾಗಿದಾಗ ಎಲೆ ಹೀಗೆ ಸುಡುತ್ತದೆ. ಬೀದಿಯ ತುದಿಯವರೆಗೆ ಯಾವ ಯಾವ ಮನೆಯ ತುಳಸಿ, ದಾಸವಾಳ, ಬಸಳೆ ಹಾಗಾಗಿದೆ ಎಂದು ಹೆಂಗಸರು ಸೇರಿ ಪಟ್ಟಿ ಮಾಡಿದೆವು. ಆ ಸೊಪ್ಪನ್ನು ಅಡುಗೆಗೆ ಬಳಸದೆ ಕಿತ್ತು, ಕವರಿನಲ್ಲಿ ಕಟ್ಟಿ ಎಸೆಯುವುದೆಂದು ನಿರ್ಧಾರವಾಯಿತು. ಕ್ಲೋರಿನ್ ಇರುವ ಪ್ಲಾಸ್ಟಿಕ್ ಹೀಗೆ ಬಯಲಲ್ಲಿ ಉರಿದರೆ ಡಯಾಕ್ಸಿನ್‌ಗಳು ಹುಟ್ಟುತ್ತವೆ. ಅವು ಮಸಿಗೆ ಅಂಟಿ ಹುಲ್ಲಿನ ಮೇಲೆ ಕೂರುತ್ತವೆ, ಹುಲ್ಲಿನಿಂದ ದನದ ಕೊಬ್ಬಿಗೆ, ಹಾಲಿಗೆ. ಅವುಗಳಲ್ಲಿ ಅತ್ಯಂತ ವಿಷಕಾರಿಯಾದುದನ್ನು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 1997ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಬೇಲಾದಲ್ಲಿ ದನ ಸಾಕುವ ಭೈಯ್ಯಾನಿಗೆ ಹೊಗೆ ಹೋದ ದಿಕ್ಕಿನ ಹುಲ್ಲು ಕೊಯ್ಯಬೇಡ ಎಂದು ಹೇಳಿಬಂದೆವು. ಅವನು ಕೇಳಿದ, ಮತ್ತೆ ಎಲ್ಲಿಂದ ಕೊಯ್ಯಲಿ ಎಂದು. ನ್ಯಾಯವಾದ ಪ್ರಶ್ನೆ.

ನಮ್ಮದು ಕಾಂಕ್ರೀಟಿನ ಮನೆ, ಕಿಟಕಿಗೆ ಗಾಜು, ಬಾಗಿಲಿಗೆ ರಬ್ಬರ್ ಪಟ್ಟಿ. ಕಂಪನಿಗಳ ಗೋಡೆಗೆ ಒರಗಿಕೊಂಡ ತಗಡಿನ ಚಾಳಿನಲ್ಲಿ ಕಲಬುರಗಿ, ಯಾದಗಿರಿ ಕಡೆಯ ಕುಟುಂಬಗಳಿವೆ. ಗಂಡಸರು ಡ್ರಮ್ ಹೊರುವ ಕೆಲಸಕ್ಕೆ, ಹೆಂಗಸರು ನಮ್ಮ ಕಟ್ಟಡಗಳಲ್ಲಿ ಪಾತ್ರೆ ತೊಳೆಯಲಿಕ್ಕೆ. ನಮ್ಮಲ್ಲಿಗೆ ಬರುವಾಕೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲಲ್ಲಿ ಕೂತಿದ್ದಳು. ಬಾಗಿಲು ಕಿಟಕಿ ಮುಚ್ಚಿಕೊಳ್ಳಿ ಎಂದು ಗಾಡಿಯಲ್ಲಿ ಕೂಗಿಕೊಂಡು ಹೋಗಿದ್ದನ್ನು ಹೇಳಿದೆ. "ಮುಚ್ಚಿದ್ರ ಹೊಗಿ ಬಿಡ್ತೈತೇನ್ರಿ ಅಕ್ಕಾರ? ತಗಡಿಗಿ ತಗಡಿಗಿ ನಡುವ ಕೈ ಹೋಗೂವಷ್ಟು ಸಂದಿ ಐತಿ" ಎಂದಳು. ನಾನು ಇದುವರೆಗೆ ಓದಿದ ಎಲ್ಲ ಸುರಕ್ಷತಾ ಸೂಚನೆಗಳೂ ಮುಚ್ಚಲು ಬರುವ ಮನೆ ಇದ್ದವರಿಗೆ ಬರೆದವು. ಅಂದು ಅವಳನ್ನೂ ಅವಳ ನೆರೆಯವರನ್ನೂ ಪಶ್ಚಿಮಕ್ಕಿರುವ ನಮ್ಮ ಸಂಘದ ಸಭೆಯ ಹಾಲ್‌ನಲ್ಲಿ ಕೂರಿಸಿದೆವು. ಅನ್ನ ಸಾರು ಅಲ್ಲೇ ಆಯಿತು.

ವಹಿ ಶುರುವಾದದ್ದೂ ಆ ಹಾಲಿನಲ್ಲೇ. ಹೆಸರು, ವಯಸ್ಸು, ಎಷ್ಟು ಹೊತ್ತಿಗೆ ಏನು ಆಯಿತು, ಆಗ ಎಲ್ಲಿದ್ದರು, ಮೊದಲೇ ದಮ್ಮು ಇತ್ತೇ, ಡಾಕ್ಟರಿಗೆ ತೋರಿಸಿದರೇ. ಕೆಮ್ಮು, ಕಣ್ಣುರಿ, ವಾಂತಿ, ತಲೆನೋವು, ಎದೆ ಬಿಗಿತ. ಬಾಡಿಗೆಯವರ, ಗುತ್ತಿಗೆಯವರ ಹೆಸರು ಯಾವ ಪಟ್ಟಿಗೂ ಬರುವುದಿಲ್ಲ ಎಂದು ಗೊತ್ತಿದ್ದರಿಂದ ಅವರದ್ದನ್ನೇ ಮೊದಲು ಬರೆದೆವು. ಇದರಲ್ಲಿ ಒಂದು ಮುಖ್ಯ ಸಂಗತಿ ಹೇಳಬೇಕು. ಡಾಕ್ಟರು ಕೇಸ್ ಪೇಪರಿನಲ್ಲಿ 'ಕೆಮ್ಮು, ಉಬ್ಬಸ' ಎಂದಷ್ಟೇ ಬರೆದುಕೊಟ್ಟರೆ ಆರು ತಿಂಗಳ ನಂತರ ಅದು ಯಾವ ಕೆಮ್ಮೂ ಆಗಬಹುದು. 'ಇಂಥ ದಿನ ಬೆಂಕಿಯ ಹೊಗೆ ಸೇವಿಸಿದ ಬಳಿಕ' ಎಂದು ಒಂದು ಸಾಲು ಬರೆಸಿಕೊಳ್ಳಬೇಕು. ನಮ್ಮ ಡಾಕ್ಟರು ಬರೆದುಕೊಟ್ಟರು, ದಮ್ಮಿನ ಮಕ್ಕಳು ಎಷ್ಟು ಜೋರಾಗಿ ಉಸಿರು ಬಿಡಬಲ್ಲರು ಎಂದು ಊದಿಸಿ ನೋಡುವ ಪೀಕ್ ಫ್ಲೋ ಅಳತೆಯನ್ನೂ ಬರೆದಿಟ್ಟರು.

ನೀರಿನ ಕಡೆಗೆ ಯಾರ ಗಮನವೂ ಹೋಗಿರಲಿಲ್ಲ. ಬೆಂಕಿ ಆರಿಸಲು ಅಗ್ನಿಶಾಮಕ ಬಂಬುಗಳು ಸುರಿಸಿದ ನೀರು ಎಲ್ಲಿಗೆ ಹೋಗುತ್ತದೆ? ಗೋದಾಮಿನ ಗೇಟಿನಿಂದ ರಸ್ತೆಗೆ, ರಸ್ತೆಯಿಂದ ನಾಲಾಕ್ಕೆ, ನಾಲಾದಿಂದ ಉಲ್ಹಾಸ್ ಖಾಡಿಗೆ, ಅಂದರೆ ಸಮುದ್ರದ ಅಳಿವೆಗೆ. ಒಡೆದ ಡ್ರಮ್ಮುಗಳಲ್ಲಿ ಇದ್ದದ್ದನ್ನೆಲ್ಲ ಹೊತ್ತುಕೊಂಡೇ ಹೋಗುತ್ತದೆ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ಕೀಟನಾಶಕಗಳ ಗೋದಾಮಿಗೆ ಬೆಂಕಿ ಬಿದ್ದಾಗ ಆದದ್ದು ಇದೇ. ಆರಿಸಲು ಬಳಸಿದ ನೀರು ವಿಷವನ್ನು ರೈನ್ ನದಿಗೆ ಒಯ್ದಿತು, ನೀರು ಕೆಂಪಾಯಿತು, ನೂರಾರು ಕಿಲೋಮೀಟರ್ ದೂರದವರೆಗೆ ಮೀನು, ಹಾವುಮೀನು ಸತ್ತವು. ಆ ನೀರನ್ನು ತಡೆದು ನಿಲ್ಲಿಸುವ ತೊಟ್ಟಿ ಕಟ್ಟಬೇಕೆಂಬ ಎಚ್ಚರ ಯುರೋಪಿನಲ್ಲಿ ಬಲವಾದದ್ದು ಅದರ ಬಳಿಕ. ನಮ್ಮ ನಾಲಾದಲ್ಲಿ ಅಂದು ಕಂದು ನೊರೆ, ಮೇಲೆ ಕಾಮನಬಿಲ್ಲಿನ ಜಿಡ್ಡು. ಎಣ್ಣೆಯಂಥ ದ್ರವದ ಬೆಂಕಿಗೆ ಹೊಡೆಯುವ ಕೆಲವು ಬಗೆಯ ನೊರೆಯಲ್ಲಿ ಫ್ಲೋರಿನ್ ಸೇರಿದ ರಾಸಾಯನಿಕಗಳಿದ್ದು, ಅವು ಮಣ್ಣಲ್ಲಿ ನೀರಲ್ಲಿ ಒಡೆಯದೆ ಉಳಿಯುತ್ತವೆ.

ನಾಲಾದ ಪಕ್ಕದ ಹಳೆಯ ಬಂಗಲೆಯ ಬಾವಿಯ ನೀರನ್ನು ಹಲವು ಮನೆಯವರು ಸ್ನಾನಕ್ಕೆ, ಬಟ್ಟೆಗೆ ಬಳಸುತ್ತಾರೆ. ನಳದಲ್ಲಿ ನೀರು ಬರದ ದಿನ ಕುಡಿಯಲಿಕ್ಕೂ. ಅದರ ನೀರನ್ನು ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಖಾಸಗಿ ಲ್ಯಾಬಿಗೆ ಕೊಟ್ಟೆವು. ವಹಿಯ ಸಂಗಡವೇ ವಂತಿಗೆ ಎತ್ತಿದ್ದರಿಂದ ದುಡ್ಡಿಗೆ ತೊಂದರೆಯಾಗಲಿಲ್ಲ, ಆದರೆ ಏನೇನು ಪರೀಕ್ಷಿಸಬೇಕು ಎಂದು ಆರಿಸಬೇಕಾಯಿತು. ಡಯಾಕ್ಸಿನ್ ಪರೀಕ್ಷೆ ನಮ್ಮ ಕೈಗೆ ಎಟಕುವಂಥದ್ದಲ್ಲ, ಆ ಸೌಲಭ್ಯ ಇರುವ ಲ್ಯಾಬುಗಳೇ ಕಡಿಮೆ. ಬಾವಿಯ ನೀರಿಗೆ ಪಿಎಚ್, ಫೀನಾಲ್, ಎಣ್ಣೆ ಜಿಡ್ಡು. ಮಸಿಗೆ ಕ್ಲೋರೈಡ್ ಮತ್ತು ಅರೆಬರೆ ಉರಿದಾಗ ಹುಟ್ಟುವ ಬೆಂಜೊಪೈರೀನ್ ಗುಂಪಿನ ವಸ್ತುಗಳು. ಮಸಿಯಲ್ಲಿ ಎರಡೂ ಸಿಕ್ಕವು. ಬಾವಿಯ ನೀರಿನಲ್ಲಿ ಫೀನಾಲ್ ಕುಡಿಯುವ ನೀರಿನ ಮಿತಿಯನ್ನು ಮೀರಿತ್ತು. ಭಾರತೀಯ ಮಾನಕದಲ್ಲಿ ಆ ಮಿತಿ ಲೀಟರಿಗೆ 0.001 ಮಿಲಿಗ್ರಾಂ.

ವರದಿ ಕೈಯಲ್ಲಿ ಹಿಡಿದು ಓಡಿದೆವು. ಕಾಗದದ ಕೆಲಸದಲ್ಲಿ ನಾನು ಕಲಿತದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ. ಜಲ ಕಾಯ್ದೆಯ 21ನೇ ಕಲಮು, ವಾಯು ಕಾಯ್ದೆಯ 26ನೇ ಕಲಮಿನ ಪ್ರಕಾರ ಕಂಪನಿಯ ಮೇಲೆ ಮೊಕದ್ದಮೆಗೆ ನಡೆಯುವುದು ಅಧಿಕಾರಿ ಕ್ರಮಬದ್ಧವಾಗಿ, ನೋಟಿಸ್ ಕೊಟ್ಟು, ಸೀಲ್ ಮಾಡಿ ತೆಗೆದ ಮಾದರಿ ಮಾತ್ರ. ನಮ್ಮ ಜಾಮ್ ಬಾಟಲಿಗೆ ಅಲ್ಲಿ ಬೆಲೆಯಿಲ್ಲ. ಹಾಗೆಂದು ಅದು ವ್ಯರ್ಥವೂ ಅಲ್ಲ. "ನಮ್ಮ ಮಾದರಿಯಲ್ಲಿ ಇದು ಸಿಕ್ಕಿದೆ, ಆದ್ದರಿಂದ ನೀವು ಮಾದರಿ ತೆಗೆಯಿರಿ" ಎಂದು ಕೇಳಲು ಅದು ಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಂತೂ ಸಾಕ್ಷ್ಯ ಕಾಯ್ದೆಯ ಕಟ್ಟುಪಾಡಿಗೆ ಒಳಪಟ್ಟದ್ದಲ್ಲ. ಅದರ ಪಶ್ಚಿಮ ವಲಯದ ಪೀಠ ಪುಣೆಯಲ್ಲಿದೆ. ಉಲ್ಹಾಸ್ ನದಿಯ ಮಾಲಿನ್ಯದ ಪ್ರಕರಣದಲ್ಲಿ 2015ರಲ್ಲಿ 95 ಕೋಟಿ ರೂಪಾಯಿ ಕಟ್ಟುವಂತೆ ಆದೇಶಿಸಿದ್ದು ಅದೇ ಪೀಠ. ಅಲ್ಲಿ ಗಡುವು ನೆನಪಿರಲಿ: 14ನೇ ಕಲಮಿನಡಿ ಪರಿಸರದ ತಕರಾರಿಗೆ 6 ತಿಂಗಳು, 15ನೇ ಕಲಮಿನಡಿ ಪರಿಹಾರ ಕೇಳಲು 5 ವರ್ಷ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮೆ ಕಾಯ್ದೆಯಡಿ ಅಪಾಯಕಾರಿ ವಸ್ತುವಿನ ಅಪಘಾತದಲ್ಲಿ ಪೆಟ್ಟಾದವರು ಜಿಲ್ಲಾಧಿಕಾರಿಗೆ ಅರ್ಜಿ ಕೊಡಬಹುದು. ಕಂಪನಿಯ ತಪ್ಪು ಏನು ಎಂದು ನಾವು ಸಾಬೀತು ಮಾಡಬೇಕಾಗಿಲ್ಲ. ಅದಕ್ಕೂ 5 ವರ್ಷದ ಅವಧಿ.

ಭೋಪಾಲದ ನಂತರ ಬಂದ ಇನ್ನೊಂದು ಹಕ್ಕಿನ ಬಗ್ಗೆ ನಮ್ಮ ಬೀದಿಯಲ್ಲಿ ಮಾಮನನ್ನು ಬಿಟ್ಟು ಯಾರೂ ಕೇಳಿರಲಿಲ್ಲ. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳ 15ನೇ ನಿಯಮ ಹೇಳುವುದೇನೆಂದರೆ, ದೊಡ್ಡ ಅಪಘಾತವಾದರೆ ಬಾಧೆಗೆ ಒಳಗಾಗಬಹುದಾದ ಸುತ್ತಲಿನ ಜನರಿಗೆ ಅಪಾಯ ಎಂಥದ್ದು, ಆಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಮೊದಲೇ ತಿಳಿಸಿರಬೇಕು. ಕಾರ್ಖಾನೆ ಕಾಯ್ದೆಗೆ 1987ರಲ್ಲಿ ಸೇರಿದ 41ಬಿ ಕಲಮೂ ಸುತ್ತಲಿನವರಿಗೆ ಮಾಹಿತಿ ಕೊಡುವುದನ್ನು ಕಡ್ಡಾಯ ಮಾಡಿತ್ತು. ರಾಸಾಯನಿಕ ಅಪಘಾತಗಳ 1996ರ ನಿಯಮಗಳ ಪ್ರಕಾರ ಜಿಲ್ಲಾ ಮಟ್ಟದಲ್ಲೂ ಸ್ಥಳೀಯ ಮಟ್ಟದಲ್ಲೂ ಬಿಕ್ಕಟ್ಟು ನಿರ್ವಹಣಾ ಗುಂಪು ಇರಬೇಕು. ನಮ್ಮ ಕಟ್ಟಡದ ಯಾರ ಮನೆಯಲ್ಲೂ ಅಂಥ ಒಂದು ಚೀಟಿ ಇರಲಿಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಮಹಾರಾಷ್ಟ್ರದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್. ಆದ್ದರಿಂದ ಎಲ್ಲವನ್ನೂ ಒಂದರಲ್ಲಿ ತುರುಕದೆ ಬಿಡಿಬಿಡಿಯಾಗಿ ಕೇಳಿದೆವು: ಆ ಗೋದಾಮಿನಲ್ಲಿ ಯಾವ ರಾಸಾಯನಿಕ ಎಷ್ಟು ಇಡಲು ಅನುಮತಿ ಇತ್ತು, ಬೆಂಕಿಯ ದಿನ ಗಾಳಿ, ನೀರಿನ ಮಾದರಿ ತೆಗೆದಿದ್ದರೆ ಎಲ್ಲಿ, ಎಷ್ಟು ಹೊತ್ತಿಗೆ, ಫಲಿತಾಂಶ ಏನು, ಸುಟ್ಟ ಅವಶೇಷವನ್ನು ಎಲ್ಲಿ ವಿಲೇವಾರಿ ಮಾಡಿದರು. ಮರಾಠಿಯಲ್ಲಿ ಬರೆದುಕೊಟ್ಟದ್ದು ಕೆಳಗಿನ ಮಾಳಿಗೆಯ ಕಾಕು, ಮುನ್ಸಿಪಾಲಿಟಿ ಶಾಲೆಯ ನಿವೃತ್ತ ಟೀಚರು. ಅವರ ಅಕ್ಷರಕ್ಕೆ ಕಿಟಕಿಯಾಚೆಯ ಗುಮಾಸ್ತನೂ ಎದ್ದು ನಿಂತ.

ಉತ್ತರಗಳು ಬಂದವು. ಒಂದು ಕಚೇರಿಯ ಉತ್ತರದಲ್ಲಿ, ಆ ಗೋದಾಮಿನಲ್ಲಿ ಇದ್ದ ಪ್ರಮಾಣ ನಿಯಮಗಳು ಹೇಳುವ ಮಟ್ಟಕ್ಕಿಂತ ಕಡಿಮೆ, ಆದ್ದರಿಂದ ಆ ನಿಯಮ ಅನ್ವಯಿಸದು ಎಂದಿತ್ತು. ಕಾನೂನಿನ ಮಾತಾಗಿ ಅದು ಸರಿಯೇ ಇರಬಹುದು. ಆದರೆ ಒಂದೇ ಬೀದಿಯಲ್ಲಿ ಸಾಲಾಗಿ ನಿಂತ ಗೋದಾಮುಗಳನ್ನು ಪ್ರತ್ಯೇಕವಾಗಿ ಅಳೆದರೆ ಪ್ರತಿಯೊಂದೂ ಸಣ್ಣದೇ. ಬೆಂಕಿ ಕಾಂಪೌಂಡ್ ಗೋಡೆ ನೋಡಿ ನಿಲ್ಲುವುದಿಲ್ಲ. ಒಟ್ಟು ಬೀದಿಯ ಪ್ರಮಾಣವನ್ನು ಲೆಕ್ಕ ಹಿಡಿಯಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಜಿಲ್ಲಾಧಿಕಾರಿಗೆ ಬರೆದ ಪತ್ರದಲ್ಲೂ ಅದೇ ಮೊದಲ ಬೇಡಿಕೆ. ಗಾಳಿಯ ಮಾದರಿ ತೆಗೆದದ್ದು ಹೊಗೆ ನಮ್ಮ ಕಡೆಯಿಂದ ಹೊರಳಿದ ನಂತರ, ಪಶ್ಚಿಮದ ಬದಿಯಲ್ಲಿ ಎಂದು ಇನ್ನೊಂದು ಉತ್ತರದಿಂದ ಗೊತ್ತಾಯಿತು. ನಮ್ಮ ಫೋಟೋಗಳ ಹೊತ್ತಿಗೆ ಹೊಂದಿಸಿ ನೋಡಿದಾಗ ಇದು ಎದ್ದು ಕಂಡಿತು.

ಬಾವಿಯ ವಿಷಯದಲ್ಲಿ ಮಾತ್ರ ಬಲವಾದ ಉತ್ತರ ನಮ್ಮ ಬಳಿಯೂ ಇರಲಿಲ್ಲ. "ಬೆಂಕಿಯ ಮೊದಲು ಈ ಬಾವಿಯಲ್ಲಿ ಫೀನಾಲ್ ಇರಲಿಲ್ಲ ಎಂದು ಹೇಗೆ ಹೇಳುತ್ತೀರಿ?" ಎಂದು ಕೇಳಿದರು. ಇಷ್ಟು ವರ್ಷದ ಎಂಐಡಿಸಿ ನೆಲದಲ್ಲಿ ಆ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಅದಕ್ಕೆ ಆ ವರ್ಷದಿಂದ ಮಳೆಗಾಲದ ಮೊದಲು ಒಮ್ಮೆ, ಆಮೇಲೆ ಒಮ್ಮೆ ಬಾವಿ ನೀರಿನ ಪರೀಕ್ಷೆ ಮಾಡಿಸಿ ವರದಿಯನ್ನು ಸೊಸಾಯಿಟಿಯ ಕಡತದಲ್ಲಿ ಇಡುತ್ತಿದ್ದೇವೆ. ಮಕ್ಕಳ ಪೀಕ್ ಫ್ಲೋ ಅಳತೆಯೂ ಹಾಗೆಯೇ. ಮುಂದೆ ಬೆಂಕಿ ಬಿದ್ದಾಗ ಹಿಂದಿನ ಅಂಕಿ ಕೈಯಲ್ಲಿರುತ್ತದೆ. ಬಾವಿಯ ನೀರನ್ನು ಕುಡಿಯುವುದನ್ನಂತೂ ಎಲ್ಲರೂ ನಿಲ್ಲಿಸಿದ್ದಾರೆ.

ಸ್ಥಳೀಯ ಬಿಕ್ಕಟ್ಟು ನಿರ್ವಹಣಾ ಗುಂಪಿನ ಸಭೆಗೆ ನಮ್ಮನ್ನು ಕರೆದರು. ಕಂಪನಿಗಳ ಪ್ರತಿನಿಧಿಗಳು, ಅಗ್ನಿಶಾಮಕ ದಳದವರು, ಸುರಕ್ಷತಾ ಅಧಿಕಾರಿಗಳು. ಬೆಂಕಿಯ ಮೊದಲ ಗಂಟೆಯಲ್ಲೇ ಕೈಯಲ್ಲಿ ಹಿಡಿಯುವ ಅನಿಲ ಮಾಪಕದೊಂದಿಗೆ ಒಬ್ಬರನ್ನು ಹೊಗೆ ಹೋಗುವ ದಿಕ್ಕಿಗೆ ಕಳಿಸಬೇಕು ಎಂದು ಕೇಳಿದೆವು. ಅಗ್ನಿಶಾಮಕ ದಳದ ಹಿರಿಯರೊಬ್ಬರು ಅದನ್ನು ಬೆಂಬಲಿಸಿದರು. ಬೆಂಕಿಯ ಹತ್ತಿರ ಹೋಗುವ ತಮ್ಮ ಹುಡುಗರಿಗೂ ಅದೇ ಮಾಹಿತಿ ಬೇಕು ಎಂದರು. ನಾಲಾದ ಬಾಯಿಗೆ ತಡೆಗೇಟು ಹಾಕಿ ಬೆಂಕಿಯ ನೀರನ್ನು ಅಲ್ಲೇ ನಿಲ್ಲಿಸುವ ಬೇಡಿಕೆ ಇನ್ನೂ ಕಾಗದದಲ್ಲಿದೆ.

ತಗಡಿನ ಚಾಳಿನವರಿಗೆ ಆಸರೆಯ ಜಾಗ ಗೊತ್ತುಮಾಡಬೇಕು ಎಂಬುದು ನಮ್ಮ ಕೊನೆಯ ಬೇಡಿಕೆ. ಗಾಳಿ ಬೆಳಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಬೀಸುವ ಊರಿನಲ್ಲಿ ಒಂದೇ ಹಾಲ್ ಸಾಲದು. ಬೆಳಗ್ಗೆಯ ಬೆಂಕಿಗೆ ಪೂರ್ವದಲ್ಲಿ, ಮಧ್ಯಾಹ್ನದ ಬೆಂಕಿಗೆ ಪಶ್ಚಿಮದಲ್ಲಿ ಜಾಗ ಬೇಕು. ಬೆಂಕಿಯ ದಿನ ನಾವು ಎಲ್ಲರನ್ನೂ ಪಶ್ಚಿಮದ ಹಾಲಿಗೆ ಕರೆದದ್ದು ಅದು ದೂರವಿದ್ದು, ಬಾಗಿಲು ಭದ್ರವಾಗಿದ್ದ ಕಾರಣಕ್ಕೆ. ಬೇರೆ ಜಾಗವೂ ಇರಲಿಲ್ಲ. ಸಂಘದವರು ಹಾಲ್ ಬಿಟ್ಟುಕೊಡಲು ಬರವಣಿಗೆಯಲ್ಲಿ ಒಪ್ಪಿ, ಒಂದು ಕೀಲಿಯನ್ನು ಚಾಳಿನ ಮುಖ್ಯಸ್ಥೆಯ ಕೈಗೆ ಕೊಟ್ಟಿದ್ದಾರೆ. ಪೂರ್ವದ ಕಡೆಗೆ ಸೋನಾರ್‌ಪಾಡಾದ ಆಚೆ ಮದುವೆ ಹಾಲೊಂದರ ಮಾಲಕರ ಹತ್ತಿರ ಮಾತುಕತೆ ನಡೆದಿದೆ. ಲಗ್ನದ ಸೀಸನ್ನಿನಲ್ಲಿ ಹಾಲ್ ಖಾಲಿ ಇರುವುದಿಲ್ಲ ಎಂಬುದು ಅವರ ತಕರಾರು. ಊಟದ ಹಾಲನ್ನಾದರೂ ಬಿಟ್ಟುಕೊಡಿ ಎಂದು ಕೇಳಲು ಕಾಕು ಮತ್ತು ನಾನು ಬರುವ ಭಾನುವಾರ ಮತ್ತೆ ಹೋಗುವವರಿದ್ದೇವೆ.